ಹದಿನೆಂಟನೆಯ ಏಟು

ಆ ಮನೆಯ ಗಂಡಸು ದಿನಾ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಹೆಂಡತಿಯ ಕೈಯಲ್ಲಿ ಒದೆ ತಿನ್ನುತ್ತಾನೆ ಎಂದು ನಮ್ಮ ಬೀದಿಯವರು ಹೇಳಿಕೊಳ್ಳುತ್ತಿದ್ದರು. ಸುಮ್ಮನೆ ಬಾಯಿಗೆ ಬಂದಂತೆ ಹೇಳುತ್ತಿರಲಿಲ್ಲ, ಎಣಿಸಿ ಹೇಳುತ್ತಿದ್ದರು. "ನಿನ್ನೆ ಇಪ್ಪತ್ತೆರಡು ಬಿತ್ತು," ಎಂದು ಕೆಳಮನೆಯ ಅಂಚೆಯವನು ಅಂದರೆ, "ಇಪ್ಪತ್ತಮೂರು ರೀ, ಕೊನೇದು ಬೆಲ್ಟಿಂದು," ಎಂದು ಅವನ ಹೆಂಡತಿ ತಿದ್ದುತ್ತಿದ್ದಳು. ಇಷ್ಟೆಲ್ಲ ತಿಂದ ಮನುಷ್ಯ ನಾಲ್ಕೂವರೆಗೆ ಕುತ್ತಿಗೆಗೆ ಅಳತೆ ಟೇಪು ಇಳಿಬಿಟ್ಟುಕೊಂಡು, ಯಾವುದೋ ಹಾಡು ಗುನುಗುತ್ತ ಮೆಟ್ಟಿಲಿಳಿದು ತನ್ನ ಹೊಲಿಗೆ ಅಂಗಡಿಗೆ ಹೊರಟರೆ, ನೋಡಿದವರ ಕರುಳು ಚುರುಕ್ ಅನ್ನುತ್ತಿತ್ತು. "ಪಾಪ, ನೋವೆಲ್ಲ ನುಂಗಿಕೊಂಡು ಹೇಗೆ ನಗ್ತಾನೆ ನೋಡಿ!"

ನಿಜ ಸಂಗತಿ ಇಷ್ಟೇ. ಆ ದರ್ಜಿಯ ಹೆಂಡತಿಗೆ ಹೊಡೆಯುವುದೇ ಕೆಲಸವಾಗಿತ್ತು. ಹೊಡೆಸಿಕೊಳ್ಳುತ್ತಿದ್ದದ್ದು ಗಂಡನಲ್ಲ, ಒಂದು ಹಳೆಯ ಹತ್ತಿಯ ಹಾಸಿಗೆ.

ಅದು ಎಂಬತ್ತರ ದಶಕ. ಹೊಡೆದಾಟದ ಸಿನಿಮಾ ಎಂದರೆ ಜನ ಗೋಡೆ ಹಾರಿ ಥಿಯೇಟರಿಗೆ ನುಗ್ಗುತ್ತಿದ್ದ ಕಾಲ. ಸುಡು ಬಿಸಿಲಲ್ಲೂ ಹೀರೋ ಚರ್ಮದ ಕೋಟು ಹಾಕಿಕೊಂಡೇ ಬರುತ್ತಿದ್ದ. ಖಾಲಿ ಡ್ರಮ್ಮು, ರಟ್ಟಿನ ಡಬ್ಬ ತುಂಬಿದ ಗೋದಾಮು ಇಲ್ಲದೆ ಯಾವ ಸಿನಿಮಾವೂ ಮುಗಿಯುತ್ತಿರಲಿಲ್ಲ. ಖಳನ ಕಡೆಯವರು ಎಷ್ಟು ಸಭ್ಯಸ್ಥರೆಂದರೆ, ಇಪ್ಪತ್ತು ಜನ ಸುತ್ತುಗಟ್ಟಿದರೂ ಒಬ್ಬೊಬ್ಬರಾಗಿಯೇ ಬಂದು ತಮ್ಮ ಪಾಲಿನದನ್ನು ತಿಂದು, ಬಿದ್ದು, ಮುಂದಿನವನಿಗೆ ಜಾಗ ಬಿಡುತ್ತಿದ್ದರು. ಹೀರೋ ಮುಷ್ಟಿ ಮಾತ್ರ ಯಾರ ದವಡೆಗೂ ತಾಗುತ್ತಿರಲಿಲ್ಲ. ಒಂದು ಗೇಣು ಆಚೆಯೇ ಗಾಳಿಯಲ್ಲಿ ಹಾದುಹೋಗುತ್ತಿತ್ತು. ಆ ಗಾಳಿಗೆ ಸದ್ದು ಬೇಕಲ್ಲ? ಸ್ಟುಡಿಯೋದಲ್ಲಿ ಹಿಡಿಯುವ ಆ ಸದ್ದಿನ ತಾಲೀಮು ನಮ್ಮ ಬೀದಿಯ ಮೂರನೇ ಮಹಡಿಯಲ್ಲಿ ದಿನಾ ನಡೆಯುತ್ತಿತ್ತು.

ಈ ಕೆಲಸ ಅವಳನ್ನು ಹುಡುಕಿಕೊಂಡು ಬಂದದ್ದೂ ಒಂದು ತಮಾಷೆ. ಗಂಡ ಹೊಲಿದ ಬಟ್ಟೆಯ ಗಂಟನ್ನು ಕೊಡಲು ಸಿನಿಮಾ ಸ್ಟುಡಿಯೋಗೆ ಹೋಗಿದ್ದಳು. ತೆಗೆದುಕೊಳ್ಳುವವನು ಊಟಕ್ಕೆ ಹೋಗಿದ್ದ. ಅಂಗಳದಲ್ಲಿ ಧೂಳು ಹಿಡಿದ ಹಾಸಿಗೆಯೊಂದು ತಂತಿಯ ಮೇಲೆ ಬಿದ್ದಿತ್ತು. ಇವಳಿಗೆ ಕೈ ಕಟ್ಟಿಕೊಂಡು ಕೂರುವ ಅಭ್ಯಾಸವಿಲ್ಲ. ಬರಿಗೈಯಲ್ಲೇ ನಾಲ್ಕು ಬಾರಿಸಿ ಧೂಳು ಕೊಡವಿದಳು. ಒಳಗಿನಿಂದ ಸದ್ದಿನ ವಿಭಾಗದವನು ಎದ್ದುಬಿದ್ದು ಓಡಿಬಂದು, "ಯಾರಮ್ಮ ಅದು ಹೊಡೆದಿದ್ದು?" ಎಂದ. "ತಪ್ಪಾಯ್ತಣ್ಣ," ಎಂದು ಇವಳು ಹಾಸಿಗೆ ಮಡಚತೊಡಗಿದಳು. "ತಪ್ಪಾಗಿಲ್ಲ ತಾಯಿ, ಇನ್ನೊಂದು ಸಲ ಹೊಡಿ," ಎಂದನಂತೆ. ಹಾಗೆ ಶುರುವಾದದ್ದು ಇಪ್ಪತ್ತು ವರ್ಷ ನಡೆಯಿತು.

ಮುಷ್ಟಿಯ ಏಟಿಗೆ ಹತ್ತಿಯ ಹಾಸಿಗೆ, ಕಪಾಳಕ್ಕೆ ಒದ್ದೆ ಟವೆಲು, ಮೂಳೆ ಮುರಿದರೆ ಸೌತೆಕಾಯಿ, ತಲೆಗೆ ಬಿದ್ದರೆ ಎಲೆಕೋಸು. ಹೊಡೆದಾಟ ಜೋರಾಗಿದ್ದ ವಾರವೆಲ್ಲ ಮನೆಯಲ್ಲಿ ಕೋಸಿನದೇ ಅಡುಗೆ. "ಇವತ್ತು ಯಾರ ತಲೆ ಬೇಯಿಸಿದ್ದೀಯೇ?" ಎಂದು ದರ್ಜಿ ತಟ್ಟೆ ಮುಂದೆ ಕೂರುತ್ತಿದ್ದ. "ಕಳ್ಳಸಾಗಣೆದಾರಂದು, ಬಿಸಿ ಇರೋವಾಗಲೇ ತಿನ್ನಿ," ಎಂದು ಇವಳು ಬಡಿಸುತ್ತಿದ್ದಳು. ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಏಟಕ್ಕ ಎಂದು ಕರೆದರು. ಬೀದಿಗೂ ಆ ಹೆಸರು ತಲುಪಿತು, ಆದರೆ ಬೀದಿಯವರು ಅದಕ್ಕೆ ಬೇರೆ ಅರ್ಥ ಹಚ್ಚಿಕೊಂಡರು.

ಅವಳನ್ನು ಹತ್ತು ಜನರ ಬಾಯಲ್ಲಿ ನಿಲ್ಲಿಸಿದ್ದು ಒಂದು ಸಿನಿಮಾ, ಅದರ ಕೊನೆಯ ಹೊಡೆದಾಟ, ಆ ಹೊಡೆದಾಟದ ಹದಿನೆಂಟನೆಯ ಏಟು. ಆ ಏಟಿಗೆ ಖಳ ಗಾಜಿನ ಗೋಡೆ ಒಡೆದುಕೊಂಡು ಹೊರಗೆ ಬೀಳುತ್ತಾನೆ. ಥಿಯೇಟರಿನಲ್ಲಿ ಜನ ಒಂದರಿಂದ ಎಣಿಸಲು ಶುರುಮಾಡಿ, ಹದಿನೇಳಕ್ಕೆ ಉಸಿರು ಹಿಡಿದು, ಹದಿನೆಂಟಕ್ಕೆ ಕುರ್ಚಿಯ ಮೇಲೆ ಹತ್ತಿ ನಿಲ್ಲುತ್ತಿದ್ದರು. ಅದು ಬರೀ 'ಢಿಶುಂ' ಆಗಿರಲಿಲ್ಲ. ಮೊದಲು ಒಂದು ಗಟ್ಟಿ ಬಡಿತ, ಅದರ ಬೆನ್ನಿಗೇ ಕಬ್ಬಿಣದ ಸಣ್ಣ ನಡುಕ, ಆಮೇಲೆ ದೊಡ್ಡ ಬಾವಿಯೊಳಗಿಂದ ಬಂದ ಹಾಗೆ ಒಂದು ಗುಂಯ್. ಕೂತವರ ಎದೆಗೇ ಬಂದು ತಾಗುತ್ತಿತ್ತು.

"ಅದನ್ನ ಹೇಗೆ ಹೊಡೆದೆ ಏಟಕ್ಕ?" ಎಂದು ಕೇಳದವರಿಲ್ಲ. "ಅದು ಕೈಗುಣ," ಎಂದು ಅವಳು ಮುಖ ಆಚೆ ತಿರುಗಿಸುತ್ತಿದ್ದಳು. ಜನ ಅದನ್ನು ವಿನಯ ಎಂದುಕೊಂಡರು.

ಆದರೆ ಆ ಏಟು ಅವಳು ಹೊಡೆದದ್ದೇ ಅಲ್ಲ.

ಆವತ್ತು ನಡೆದದ್ದು ಹೀಗೆ. ಸಿನಿಮಾ ಬಿಡುಗಡೆಗೆ ನಾಲ್ಕೇ ದಿನ. ಸ್ಟುಡಿಯೋದ ಜನರೇಟರ್ ಸುಟ್ಟುಹೋಯಿತು. ನಿರ್ದೇಶಕ ಧ್ವನಿ ಹಿಡಿಯುವ ಯಂತ್ರವನ್ನು ಹೊತ್ತುಕೊಂಡು ಸೀದಾ ಇವಳ ಮನೆಗೇ ಬಂದ. ನೋಡಿಕೊಂಡು ಹೊಡೆಯಲು ತೆರೆಯಿಲ್ಲ. ಹಾಗಾಗಿ ನಿರ್ದೇಶಕ ಕಿವಿಗೆ ಹೆಡ್‌ಫೋನ್ ಹಾಕಿ, ಕಿಟಕಿ ಕಡೆ ಮುಖ ಮಾಡಿ ನಿಂತು ಕೈಬೀಸುತ್ತ ಎಣಿಸುವುದು, ಇವಳು ಆ ಎಣಿಕೆಗೆ ಹಾಸಿಗೆಗೆ ಹೊಡೆಯುವುದು, ಮೈಯಲ್ಲಿ ಆವೇಶ ಬರಲಿ ಎಂದು ದರ್ಜಿ ಏಟು ಏಟಿನ ನಡುವೆ ಪಕ್ಕದಲ್ಲಿ ನೆಲಕ್ಕೆ ಬಿದ್ದು ಬಿದ್ದು "ಅಯ್ಯೋ, ಸತ್ತೆ, ಬಿಟ್ಟುಬಿಡೇ" ಎಂದು ಕೂಗುವುದು ಎಂದು ಮಾತಾಯಿತು. ದರ್ಜಿಗೆ ಹುಮ್ಮಸ್ಸು ಜಾಸ್ತಿ. ಕೂಗಿದ್ದು ಮೂರು ಮನೆಗೆ ಕೇಳಿಸಿತು.

ಎದುರುಮನೆಗೆ ಆ ವಾರವಷ್ಟೇ ಒಬ್ಬ ಡ್ರಿಲ್ ಟೀಚರು ಬಂದಿದ್ದರು. ಮೈದಾನದ ಆ ತುದಿಯಲ್ಲಿರುವ ಮಕ್ಕಳನ್ನು ಈ ತುದಿಯಿಂದ ಒಂದೇ ಚಪ್ಪಾಳೆಗೆ ಸಾಲು ನಿಲ್ಲಿಸುತ್ತಿದ್ದ ಹೆಂಗಸು. ಎರಡು ಬಾಗಿಲುಗಳ ನಡುವೆ ಮೂರು ಹೆಜ್ಜೆಯ ಮೆಟ್ಟಿಲುಕಟ್ಟೆ, ಅಷ್ಟೇ. ಮನುಷ್ಯನೊಬ್ಬ ಸಾಯುತ್ತಿರುವುದನ್ನು ಕೇಳಿಕೊಂಡು ಅವರು ಎಷ್ಟು ಹೊತ್ತು ತಡೆದಾರು? ಒಳಗೆ ನಿರ್ದೇಶಕ "ಹದಿನೆಂಟು" ಎಂದ. ಏಟಕ್ಕ ಕೈ ಎತ್ತಿದಳು. ಆ ಕೈ ಇಳಿಯುವ ಮೊದಲೇ ಹೊರಗಿನಿಂದ ಟೀಚರು ತಮ್ಮ ಅಂಗೈಯಿಂದ ಬಾಗಿಲಿಗೆ ಬಾರಿಸಿದರು. ಒಂಟಿ ಹಲಗೆಯ ದಪ್ಪ ಬಾಗಿಲು, ಒಳಗೆ ಕಬ್ಬಿಣದ ಅಗುಳಿ, ಬೆನ್ನಿಗೆ ಮೂರು ಮಹಡಿಯ ಟೊಳ್ಳು ಮೆಟ್ಟಿಲು. ಆ ಸದ್ದು ಯಂತ್ರದೊಳಗೆ ಹೋಗಿ ಕೂತಿತು.

"ಇದು! ಇದೇ ಏಟು!" ಎಂದು ನಿರ್ದೇಶಕ ಹೆಡ್‌ಫೋನ್ ಕಿತ್ತು ಕುಣಿದ. ಆಮೇಲೆ, "ಹೊರಗ್ಯಾರು ಕಿರುಚ್ತಿರೋದು?" ಎಂದ.

ಏಟಕ್ಕನ ಕೈ ಇನ್ನೂ ಗಾಳಿಯಲ್ಲೇ ಇತ್ತು. "ಎದುರುಮನೆಯವರು," ಎಂದಳು. "ಸಕ್ಕರೆ ಕೇಳೋಕೆ ಬಂದಿದ್ದಾರೆ."

ಆ ಸುಳ್ಳನ್ನು ಅವಳು ಯೋಚಿಸಿ ಹೇಳಿರಲಿಲ್ಲ, ಬಾಯಿ ತಾನೇ ಹೇಳಿಬಿಟ್ಟಿತ್ತು. ಹೊರಗೆ ಟೀಚರಿಗೆ "ರಿಹರ್ಸಲ್ಲು" ಎಂದಳು, ಅವರು ನಂಬಲಿಲ್ಲ. ನೆಲದಿಂದ ಎದ್ದ ದರ್ಜಿ ಅಂಗಿ ಕೊಡವಿಕೊಂಡು "ನಂಗೇನೂ ಆಗಿಲ್ಲ ಟೀಚರ್" ಎಂದದ್ದು ಅವರ ಅನುಮಾನವನ್ನು ಇನ್ನೂ ಗಟ್ಟಿ ಮಾಡಿತು. ಅಂದಿನಿಂದ ಅವರು ದರ್ಜಿಯನ್ನು ಕಂಡರೆ ಮರುಗುವುದು, ಏಟಕ್ಕನನ್ನು ಕಂಡರೆ ಮೂಗು ಮುರಿಯುವುದು. ಸಿನಿಮಾಗೆ ಕರೆದರೆ ಹೇಳುತ್ತಿದ್ದ ಮಾತು ಒಂದೇ: "ಹೊಡೆದಾಟ ನೋಡೋಕೆ ನಾನು ಥಿಯೇಟರಿಗೆ ಹೋಗಬೇಕಾ? ಬಾಗಿಲು ತೆಗೆದ್ರೆ ಎದುರಿಗೇ ಇದೆ."

ಹೀಗೆ ನಲವತ್ತು ವರ್ಷ ಉರುಳಿದವು. ಹೊಡೆದಾಟದ ಸದ್ದನ್ನು ಕಂಪ್ಯೂಟರು ಮಾಡತೊಡಗಿತು, ಏಟಕ್ಕನ ಹಾಸಿಗೆ ಬರೀ ಮಲಗುವ ಹಾಸಿಗೆಯಾಯಿತು. ಕಟ್ಟಡವೂ ಹಳೆಯದಾಯಿತು. ತಿಂಗಳ ಕೊನೆಗೆ ಎಲ್ಲರೂ ಖಾಲಿ ಮಾಡಿ, ಕೆಡವಿ ಹೊಸದು ಕಟ್ಟುತ್ತೇನೆ ಎಂದು ಮಾಲೀಕ ಹೇಳಿದ. ದರ್ಜಿ ತನ್ನ ಅಂಗಡಿಯ ಹಿಂದೆಯೇ ಮೆಟ್ಟಿಲಿಲ್ಲದ ಮನೆಯೊಂದನ್ನು ಗೊತ್ತುಮಾಡಿದ. ಮಂಡಿನೋವಿನ ಏಟಕ್ಕನಿಗೆ ಅದೇ ಖುಷಿ. ಡಬ್ಬಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಾಗಲೇ ಬೋಳುತಲೆಯ ಮನುಷ್ಯನೊಬ್ಬ ಬಂದದ್ದು.

ಅವನು ಸೌಂಡ್ ಇಂಜಿನಿಯರ್. ಹಳೆಯ ಸಿನಿಮಾಗಳನ್ನು ತೊಳೆದು, ಒರೆಸಿ, ಮತ್ತೆ ತೆರೆಗೆ ತರುವ ಕಂಪನಿಯವನು. ಐವತ್ತರ ಹತ್ತಿರ ವಯಸ್ಸು, ಏಟಕ್ಕನನ್ನು ಕಂಡ ಕೂಡಲೇ ಬಾಗಿಲಲ್ಲೇ ನಿಂತು ತಡವರಿಸಿದ.

"ಅಕ್ಕಾ, ನಾನು ಆ ಸಿನಿಮಾನ ಹನ್ನೊಂದು ಸಲ ನೋಡಿದ್ದೀನಿ. ಸ್ಕೂಲಿಗೆ ಚಕ್ಕರ್ ಹೊಡೆದು."

"ಮತ್ತೆ ಇಂಜಿನಿಯರ್ ಹೇಗಾದೆ?"

"ಅದಕ್ಕೇ ಆಗಿದ್ದು. ನಿಮ್ಮ ಹದಿನೆಂಟನೇ ಏಟು ಕೇಳಿ, ಈ ಸದ್ದು ಎಲ್ಲಿಂದ ಬಂತು ಅಂತ ತಿಳ್ಕೊಳ್ಳೋಕೆ ಓದಿದೆ."

ಏಟಕ್ಕ ಕೈಯಲ್ಲಿದ್ದ ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟಳು.

ಅವನು ವಿಷಯ ಹೇಳಿದ. ಆ ಸಿನಿಮಾ ತಿಂಗಳ ಕೊನೆಯ ಭಾನುವಾರ ಮತ್ತೆ ಬಿಡುಗಡೆಯಾಗುತ್ತಿದೆ. ಚಿತ್ರವೆಲ್ಲ ಚೆನ್ನಾಗಿ ಬಂದಿದೆ. ಆದರೆ ಕೊನೆಯ ರೀಲಿನ ಧ್ವನಿಪಟ್ಟಿ ಕೊಳೆತುಹೋಗಿದೆ. ಹಳೆಯ ಕ್ಯಾಸೆಟ್ಟುಗಳಲ್ಲಿ ಏಟು ಯಾವುದು, ಎಣ್ಣೆಯಲ್ಲಿ ಹುರಿಯುವ ಸದ್ದು ಯಾವುದು ತಿಳಿಯುವುದಿಲ್ಲ. "ಕಂಪ್ಯೂಟರ್ ಏಟು ಹಾಕಿ ನೋಡಿದ್ವಿ ಅಕ್ಕ. ಈಗಿನ ಸಿನಿಮಾದಲ್ಲಿ ಏಟು ಬಿದ್ರೆ ಕಟ್ಟಡ ಬೀಳುತ್ತೆ. ಆಗ ಏಟು ಬಿದ್ರೆ ಮನುಷ್ಯ ಬೀಳ್ತಿದ್ದ. ಅದು ಬೇಕು. ಮಾಡಿಕೊಡ್ತೀರಾ?"

ಮರುದಿನ ಹತ್ತು ಗಂಟೆಗೆ ಯಂತ್ರ ಬಂತು. ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಚಿತ್ರ ಬಿಟ್ಟರು. ಏಟಕ್ಕ ಬಳೆ ತೆಗೆದಿಟ್ಟು, ಮಣಿಕಟ್ಟಿಗೆ ಬಟ್ಟೆ ಸುತ್ತಿ, ಹಾಸಿಗೆಯ ಮುಂದೆ ಕೂತಳು. ಮೊದಲ ಎರಡು ಏಟು ಸೋತವು. ಮೂರನೆಯದಕ್ಕೆ ಕೈಗೆ ಹಳೆಯದೆಲ್ಲ ನೆನಪಾಯಿತು. ಮುಷ್ಟಿ ಇನ್ನೇನು ದವಡೆಗೆ ಬರಬೇಕು, ಅಷ್ಟರಲ್ಲಿ ಕೈ ಬೀಳಬೇಕು. ಕಣ್ಣಿಗಿಂತ ಕಿವಿಗೆ ಒಂದು ಎಳೆ ಮುಂಚೆ ಗೊತ್ತಾಗಬೇಕು. ಅದು ಅವಳ ಪದ್ಧತಿ. ಎಪ್ಪತ್ತರ ಮುದುಕಿ ಹೀರೋಗಿಂತ ಚೆನ್ನಾಗಿ ಹಲ್ಲು ಕಚ್ಚಿದಳು. ಹದಿನೇಳೂ ಮುಗಿದಾಗ ಇಂಜಿನಿಯರ್ ಕುಳಿತಲ್ಲೇ ಕುಣಿಯುತ್ತಿದ್ದ.

ಹದಿನೆಂಟು ಬಂತು. ಏಟಕ್ಕ ಹೊಡೆದಳು. ಅವನು ಹೆಡ್‌ಫೋನ್ ತೆಗೆದು, "ಚೆನ್ನಾಗಿದೆ ಅಕ್ಕ," ಎಂದ. ಮತ್ತೊಮ್ಮೆ ಹಾಕಿಕೊಂಡು ಕೇಳಿ, "ಆದ್ರೆ ಅದಲ್ಲ," ಎಂದ. ಮರದ ಪೆಟ್ಟಿಗೆಗೆ ಹೊಡೆದಳು. ಅದಲ್ಲ. ಕೋಸು, ಬೆಲ್ಟು, ಬಾಣಲೆ. ಅದಲ್ಲ, ಅದಲ್ಲ. ಕೊನೆಗೆ ಅವನೇ ಸಮಾಧಾನ ಹೇಳಿದ: "ಕೈ ನೋವಾಗುತ್ತೆ, ಬಿಡಿ. ನಾಳೆ ಒಂದು ಸಲ ನೋಡೋಣ. ಆಗದಿದ್ರೆ ಇದನ್ನೇ ಇಟ್ಟುಬಿಡ್ತೀನಿ. ಜನಕ್ಕೆ ಗೊತ್ತಾಗಲ್ಲ."

ಅವನು ಮೆಟ್ಟಿಲಿಳಿದು ಹೋದ ಮೇಲೆ ಏಟಕ್ಕ ಹಾಸಿಗೆಯ ಮೇಲೆ ಕೂತೇ ಇದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಹೆಸರು ಉಳಿಯುತ್ತದೆ, ಆ ಏಟು ಮಾತ್ರ ಇನ್ನೆಂದೂ ಯಾರಿಗೂ ಕೇಳಿಸುವುದಿಲ್ಲ. ಬಾಯಿ ಬಿಟ್ಟರೆ ಏಟು ಸಿಗಬಹುದು, ಆದರೆ ಆ ಏಟಿಗಾಗಿಯೇ ಓದಿ ಇಂಜಿನಿಯರ್ ಆದವನ ಮುಂದೆ ನಿಂತು, ನಲವತ್ತು ವರ್ಷ ಬೇರೆಯವರ ಏಟಿಗೆ ಶಹಬ್ಬಾಸ್ ಅನಿಸಿಕೊಂಡೆ ಎಂದು ಹೇಳಬೇಕು. ತಿಂಗಳ ಕೊನೆಗೆ ಬಾಗಿಲೂ ಇರುವುದಿಲ್ಲ, ಮೆಟ್ಟಿಲೂ ಇರುವುದಿಲ್ಲ.

"ಏನ್ರೀ ಮಾಡ್ಲಿ?" ಎಂದಳು.

ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದ. ಆವತ್ತು ನಡೆದದ್ದನ್ನು ಕಣ್ಣಾರೆ ಕಂಡವನು ಅವನೊಬ್ಬನೇ. "ಹೆಂಡತಿ ಕೈಲಿ ಒದೆ ತಿಂದವನು ಅಂತ ನಲವತ್ತು ವರ್ಷದಿಂದ ಹೆಸರು ಹೊತ್ಕೊಂಡು ಓಡಾಡ್ತಿದ್ದೀನಿ," ಎಂದ. "ಏನಾದ್ರೂ ಭಾರ ಅನ್ನಿಸ್ತಾ? ಅಂಗಡಿಗೆ ಗಿರಾಕಿ ಜಾಸ್ತಿ ಆದ್ರು, ಪಾಪ ಅಂತ. ನೀನೂ ಒಂದು ದಿನ ಹೊತ್ತು ನೋಡು."

ಏಟಕ್ಕ ಎದ್ದಳು. ಮೂರೇ ಹೆಜ್ಜೆ, ಆದರೆ ಅಷ್ಟು ದೂರ ಅವಳು ಹಿಂದೆಂದೂ ನಡೆದಿರಲಿಲ್ಲ. ಎದುರು ಬಾಗಿಲು ತಟ್ಟಿದಳು. ಟೀಚರು ತೆರೆದು, ಹಣೆಯ ಮೇಲೆ ಕನ್ನಡಕ ಏರಿಸಿ ನೋಡಿದರು. ನಿವೃತ್ತಿಯಾಗಿ ಹದಿನೈದು ವರ್ಷವಾಗಿದ್ದರೂ ನಿಲುವು ಹಾಗೇ, ಎದೆ ಮುಂದೆ, ಭುಜ ಹಿಂದೆ.

"ಏನು? ಬೆಳಗಿಂದ ಮತ್ತೆ ಶುರು ಮಾಡಿದ್ದೀಯಲ್ಲ. ಈ ವಯಸ್ಸಲ್ಲಾದ್ರೂ ಅವರನ್ನ ನೆಮ್ಮದಿಯಾಗಿ ಬಿಡಬಾರದಾ?"

"ಟೀಚರೇ, ನಿಮ್ಮ ಒಂದು ವಸ್ತು ನನ್ನ ಹತ್ರ ಇದೆ. ವಾಪಸ್ ಕೊಡಬೇಕು."

"ನಾನು ನಿನಗೆ ಏನೂ ಕೊಟ್ಟಿಲ್ಲ."

"ಕೊಟ್ಟಿದ್ದೀರಿ. ಕೂತ್ಕೊಳ್ಳಿ, ಹೇಳ್ತೀನಿ."

ಎಲ್ಲವನ್ನೂ ಹೇಳಿದಳು. ಕೇಳಿ ಮುಗಿದ ಮೇಲೆ ಟೀಚರು ತಮ್ಮ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

"ಅಂದ್ರೆ, ಥಿಯೇಟರಲ್ಲಿ ಅಷ್ಟು ಜನ ಶಿಳ್ಳೆ ಹಾಕಿದ್ದು ನನಗಾ?"

"ಹೂಂ."

"ಮತ್ತೆ ನಿನ್ನ ಯಜಮಾನರಿಗೆ ನೀನು ನಿಜವಾಗಲೂ ಹೊಡೀತಿರಲಿಲ್ವಾ?"

"ಒಂದೇ ಒಂದು ಸಲವೂ ಇಲ್ಲ."

"ಛೇ!" ಎಂದರು ಟೀಚರು. ಆ ಛೇ ಯಾವುದಕ್ಕೆ ಎಂದು ಏಟಕ್ಕನಿಗೆ ಇವತ್ತಿಗೂ ತಿಳಿದಿಲ್ಲ. "ನಲವತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲ, ಕಳ್ಳಿ. ನಾಳೆ ಎಷ್ಟು ಗಂಟೆಗೆ ಬರಬೇಕು?"

ಮರುದಿನ ಇಂಜಿನಿಯರ್ ಬಂದಾಗ ಏಟಕ್ಕ ಅವನನ್ನು ನಿಲ್ಲಿಸಿಕೊಂಡೇ ಹೇಳಿದಳು. ಎರಡೇ ಮಾತು: "ಆ ಏಟು ನಂದಲ್ಲ ಕಣಪ್ಪ. ಅವರದು." ಅವನ ಮುಖ ನೋಡಲಾಗದೆ ಬಾಗಿಲ ಕಡೆ ನೋಡಿದಳು. ಅವನೂ ಬಾಗಿಲ ಕಡೆ ತಿರುಗಿದ. ಹತ್ತಿರ ಹೋಗಿ ಹಲಗೆ ಮುಟ್ಟಿದ, ಅಗುಳಿ ಅಲುಗಾಡಿಸಿದ, ಹೊರಗೆ ಹೋಗಿ ಮೆಟ್ಟಿಲ ಟೊಳ್ಳಿಗೆ ಒಮ್ಮೆ "ಓ" ಎಂದ. ತಿರುಗಿ ಬಂದಾಗ ಅವನ ಬೋಳುತಲೆಯವರೆಗೂ ನಗು ಹರಡಿತ್ತು. "ಅಕ್ಕಾ, ಇಷ್ಟು ಓದಿದ್ರೂ ನನಗೆ ಹೊಳೀಲಿಲ್ವಲ್ಲ, ಬಾಗಿಲು!"

ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಟೀಚರು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ಬಾಚಿ, ಫೋಟೋಗೆ ನಿಂತವರಂತೆ ಬಂದಿದ್ದರು. ಹೊರಗೆ ನಿಂತು, ಎಣಿಕೆಗೆ ಸರಿಯಾಗಿ, ಹೊಸ ನೆಂಟರ ಮನೆಯ ಬಾಗಿಲು ತಟ್ಟಿದಂತೆ ತಟ್ಟಿದರು. ಟಕ್ ಟಕ್. "ಕೋಪ ಬೇಕು ಟೀಚರ್," ಎಂದ ಇಂಜಿನಿಯರ್. ದರ್ಜಿ ನೆಲಕ್ಕೆ ಬಿದ್ದು "ಅಯ್ಯೋ, ಸತ್ತೆ" ಎಂದು ಕೂಗಿದ. ಹೊರಗಿನಿಂದ ಟೀಚರು ಕಿಸಕ್ಕನೆ ನಕ್ಕರು. ಈಗ ಎಲ್ಲ ಗೊತ್ತಾಗಿಬಿಟ್ಟಿದೆಯಲ್ಲ, ಕೋಪ ಎಲ್ಲಿಂದ ಬರಬೇಕು? ಎಂಟು ಸಲ ಆಯಿತು. ಎಂಟೂ ಟಕ್ ಟಕ್.

ಏಟಕ್ಕ ಇಂಜಿನಿಯರಿಗೆ ಯಂತ್ರ ಓಡಲಿ ಎಂದು ಸನ್ನೆ ಮಾಡಿ, ಬಾಗಿಲ ಹತ್ತಿರ ಹೋಗಿ ನಿಟ್ಟುಸಿರಿಟ್ಟಳು. "ಟೀಚರೇ, ಸಾಕು ಬಿಡಿ. ಪಾಪ, ವಯಸ್ಸಾಯ್ತು ನಿಮಗೂ."

"ಯಾರಿಗೆ ವಯಸ್ಸಾಯ್ತು?"

"ಅಲ್ಲ, ರಾತ್ರಿಯೆಲ್ಲ ಯೋಚನೆ ಮಾಡಿದೆ. ಆವತ್ತು ಬಾಗಿಲು ಬಡಿದದ್ದು ನೀವೇ ಅಂತ ಏನು ಗ್ಯಾರಂಟಿ? ಗಾಳಿಗೆ ಬಡ್ಕೊಂಡಿರಬೇಕು. ಟೈಟಲ್ಲಲ್ಲಿ ಗಾಳಿ ಅಂತಲೇ ಹಾಕಿಸ್ತೀವಿ, ನೀವು ಮನೆಗೆ..."

ಮಾತು ಮುಗಿಯಲಿಲ್ಲ. ಬಾಗಿಲು ಒಮ್ಮೆ ಉಬ್ಬಿ ಕುಸಿದ ಹಾಗಾಯಿತು. ಗಟ್ಟಿ ಬಡಿತ, ಕಬ್ಬಿಣದ ನಡುಕ, ಆಮೇಲೆ ಮೂರು ಮಹಡಿಯೂ ಸೇರಿ ಗುಂಯ್ ಎಂದವು. ಅಗುಳಿಯ ಮೊಳೆಯೊಂದು ಹಾರಿ ದರ್ಜಿಯ ಪಕ್ಕದಲ್ಲೇ ಬಿತ್ತು. ಈ ಸಲ ಅವನು "ಅಯ್ಯೋ" ಎಂದದ್ದು ನಟನೆಯಾಗಿರಲಿಲ್ಲ.

ಇಂಜಿನಿಯರ್ ಹೆಡ್‌ಫೋನ್ ತೆಗೆದ. ಎರಡು ಬೆರಳು ಬಾಯಿಗಿಟ್ಟು, ಹತ್ತು ವರ್ಷದ ಪೋರನಂತೆ, ಕಿವಿ ತೂತಾಗುವ ಹಾಗೆ ಶಿಳ್ಳೆ ಹಾಕಿದ.

"ಗಾಳಿಯಂತೆ ಗಾಳಿ!" ಎನ್ನುತ್ತ ಟೀಚರು ಅಂಗೈ ಉಜ್ಜಿಕೊಂಡು ಒಳಗೆ ನುಗ್ಗಿದರು.

ಹೆಸರು ಬರೆದುಕೊಳ್ಳುವಾಗ ಇನ್ನೊಂದು ಹೊಡೆದಾಟವೇ ನಡೆಯಿತು. ಏಟಕ್ಕ ತನ್ನ ಹೆಸರು ಬೇಡವೇ ಬೇಡ ಎಂದಳು. "ಬೇಡ ಅಂದ್ರೆ? ಹದಿನೇಳು ಹೊಡೆದವಳು ಮನೇಲಿ ಕೂತ್ಕೋ, ಒಂದು ಹೊಡೆದವಳು ಮೆರೀಲಿ ಅಂತಲಾ? ನನಗೆ ಅಂಥ ಅಭ್ಯಾಸ ಇಲ್ಲ," ಎಂದು ಟೀಚರು ರೇಗಿದರು. "ಇವಳ ಹೆಸರು ಮೇಲೆ ಹಾಕಿ. ನನ್ನದು ಕೆಳಗೆ. ಅಕ್ಷರ ಮಾತ್ರ ದಪ್ಪ ಇರಲಿ." ನೆಲದ ಮೇಲೆ ಇನ್ನೂ ಕೂತೇ ಇದ್ದ ದರ್ಜಿ ಕೈ ಎತ್ತಿದ. "ಮಧ್ಯೆ ಮಧ್ಯೆ ಸತ್ತವನು ನಾನು. ನಂದೂ ಇರಲಿ."

ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ವ್ಯಾನು ಬಂದು ಸಾಮಾನೆಲ್ಲ ಹೊತ್ತೊಯ್ದಿತು. ದರ್ಜಿ ಅದರ ಜೊತೆ ಹೋಗಿ ಇಳಿಸಿಕೊಂಡು, ಸೀದಾ ಥಿಯೇಟರಿಗೆ ಬರುವುದಾಗಿ ಮಾತು. ಮ್ಯಾಟಿನಿ ಮೂರು ಗಂಟೆಗೆ. ಏಟಕ್ಕ ಖಾಲಿ ಕೋಣೆಗಳನ್ನು ಗುಡಿಸಿದಳು. ಕೆಡವುವ ಮನೆಯನ್ನು ಯಾಕೆ ಗುಡಿಸ್ತೀಯ ಎಂದು ಟೀಚರು ಬಾಗಿಲಲ್ಲಿ ನಿಂತು ಬೈದರು. ಅವರ ಮನೆಯೂ ಖಾಲಿಯಾಗಿತ್ತು. ಸಂಜೆ ತಂಗಿಯ ಮನೆಗೆ ಹೊರಡುವವರು, ಕೈಯಲ್ಲಿ ಒಂದು ಚೀಲ ಇತ್ತು, ಅಷ್ಟೇ.

"ಹೊತ್ತಾಯ್ತು ಬಾ. ನನಗೆ ಮುಂದಿನ ಸಾಲು ಬೇಕು."

"ಮುಂದಿನ ಸಾಲಲ್ಲಿ ಕತ್ತು ನೋಯುತ್ತೆ ಟೀಚರೇ. ಸದ್ದು ಕೇಳಬೇಕಾದ್ರೆ ಮಧ್ಯೆ ಕೂರಬೇಕು."

ಪೊರಕೆಯನ್ನು ಮೂಲೆಗೆ ಒರಗಿಸಿ ಏಟಕ್ಕ ಹೊರಗೆ ಬಂದಳು. ಬೀಗದ ಕೈಯನ್ನು ಮಾಲೀಕನಿಗೆ ಕೊಡಲೆಂದು ಸೆರಗಿನ ತುದಿಗೆ ಕಟ್ಟಿಕೊಂಡಳು. ಒಂದು ಕೈ ಕಟಕಟೆಯ ಮೇಲೆ, ಇನ್ನೊಂದು ಕೈ ಟೀಚರ ತೋಳಿನ ಮೇಲೆ, ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು.

"ನಂದು ಯಾವಾಗ ಬರುತ್ತೆ?" ಟೀಚರು ಎರಡನೇ ಮಹಡಿಯಲ್ಲಿ ಕೇಳಿದರು.

"ಕೊನೇ ರೀಲಲ್ಲಿ. ಎರಡೂವರೆ ಗಂಟೆ ಆದ ಮೇಲೆ."

"ಅಯ್ಯೋ! ಅಲ್ಲೀವರೆಗೂ ಏನು ಮಾಡಲಿ?"

"ಅಲ್ಲೀವರೆಗೂ," ಎಂದಳು ಏಟಕ್ಕ, "ಸುಮ್ಮನೆ ಕೂತು ನಂದು ಕೇಳಿ."